ಬೋರರ್‌ಗೆ ಕಟ್ಟುವುದು ‘ಹಾರ್ಮೋನ್ ಟ್ರ್ಯಾಪ್’ ಅಲ್ಲ: ಕೀಟದ ಬದುಕು ಓದಿದ ಕೋಲ್‌ಮನ್

ಬಾಳೆಹೊನ್ನೂರಿನ ಕಾಫಿ ಸಂಶೋಧನಾ ಕೇಂದ್ರ ಬ್ರಿಟಿಷ್ ಸರ್ಕಾರದ ಕೊಡುಗೆ ಎಂದುಕೊಂಡಿದ್ದರೆ, ಅದು ತಪ್ಪು. 1925ರಲ್ಲಿ ಅದನ್ನು ಆರಂಭಿಸಿದ್ದು ಮೈಸೂರು ಸಂಸ್ಥಾನ. ಅದರ ಹಿಂದೆ ನಿಂತವರು ಕೆನಡಾದ ಲೆಸ್ಲಿ ಕೋಲ್‌ಮನ್.

1878ರಲ್ಲಿ ಹುಟ್ಟಿದ ಕೋಲ್‌ಮನ್ 1908ರಲ್ಲಿ ಮೈಸೂರಿಗೆ ಬಂದರು. ಬೆಳೆಗೆ ತಗಲುವ ಶಿಲೀಂಧ್ರ, ಕೀಟ ಎರಡೂ ಅವರ ಪಾಲಿನ ಕೆಲಸ. 1913ರಲ್ಲಿ ಕೃಷಿ ಇಲಾಖೆಯ ನಿರ್ದೇಶಕರಾದರು. ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯುವುದನ್ನು ಕಲಿಸಿದವರೆಂದು ಮಲೆನಾಡು ಅವರನ್ನು ನೆನೆಯುತ್ತದೆ. ನನಗೆ ಹೆಚ್ಚು ಇಷ್ಟ ಅವರ ಮಿಡತೆ ಕೆಲಸ. ಬಯಲುಸೀಮೆಯ ಜೋಳ ತಿನ್ನುತ್ತಿದ್ದ, ಹಾರಲಾರದ ಮಿಡತೆ ಅದು. ಮೊಟ್ಟೆ ಎಲ್ಲಿಡುತ್ತದೆ, ಮರಿ ಯಾವಾಗ ಹೊರಬರುತ್ತದೆ ಎಂದು ಮೊದಲು ಅದರ ಬದುಕನ್ನೇ ಓದಿದರು. ಆ ಮಿಡತೆಯ ಕುಲಕ್ಕೆ ಇಂದಿಗೂ ಕೋಲ್‌ಮೇನಿಯ ಎಂದೇ ಹೆಸರು. ಮುಂದೆ ಕುಂಞಿಕಣ್ಣನ್ ಅವರೊಂದಿಗೆ ಕಾಫಿಯ ಹಸಿರು ತಿಗಣೆಯಂಥ ಕೀಟಗಳನ್ನೂ ಅಭ್ಯಾಸ ಮಾಡಿದರು.

ಕೀಟದ ಒಳಗೆ ಇದನ್ನೆಲ್ಲ ನಡೆಸುವುದು ಯಾವುದು? ಅದೇ ಕಾಲಕ್ಕೆ, 1917ರಲ್ಲಿ, ಪೋಲೆಂಡಿನ ಸ್ಟೆಫಾನ್ ಕೋಪೆಚ್ ಕಂಬಳಿಹುಳುವಿನ ಮಿದುಳು ತೆಗೆದರೆ ಅದು ಕೋಶವಾಗುವುದಿಲ್ಲ ಎಂದು ತೋರಿಸಿದರು. ಮಿದುಳು ರಕ್ತದಲ್ಲಿ ಕಳಿಸುವ ಆ ಸಂದೇಶವೇ ನರಹಾರ್ಮೋನ್. ಅದು ಮೈಯೆಲ್ಲ ಹರಿದರೂ, ಅದಕ್ಕೆ ತಕ್ಕ ಗ್ರಾಹಕ ಇರುವ ಜೀವಕೋಶ ಮಾತ್ರ ಓಗೊಡುತ್ತದೆ. ಪೊರೆ ಕಳಚುವುದು, ಮೊಟ್ಟೆ ಬಲಿಯುವುದು ಇಂಥ ಸಂದೇಶಗಳಿಂದಲೇ.

ಕೋಲ್‌ಮನ್ 1934ರಲ್ಲಿ ನಿವೃತ್ತರಾಗಿ ಕೆನಡಾಕ್ಕೆ ಮರಳಿದರು, 1954ರಲ್ಲಿ ತೀರಿಕೊಂಡರು. ಕೀಟದ ಮೊದಲ ಫೆರಮೋನ್ ಗುರುತಿಸಿದ್ದು 1959ರಲ್ಲಿ, ಜರ್ಮನಿಯಲ್ಲಿ, ರೇಷ್ಮೆ ಪತಂಗದಿಂದ.

ಮೂಡಿಗೆರೆ, ಕಳಸದ ತೋಟಗಳಲ್ಲಿ ಬೋರರ್‌ಗೆ, ಅಂದರೆ ಬಿಳಿ ಕಾಂಡಕೊರಕಕ್ಕೆ, ಕಟ್ಟುವ ಟ್ರ್ಯಾಪಿನಲ್ಲಿರುವುದು ಇಂಥ ಫೆರಮೋನ್. ಹಾರ್ಮೋನ್ ಕೆಲಸ ಮಾಡುವುದು ಕೀಟದ ಮೈಯೊಳಗೆ. ಫೆರಮೋನ್ ಹೊರಗೆ ಹೋಗಿ ಇನ್ನೊಂದು ಕೀಟದ ಮೀಸೆಗೆ ವಾಸನೆಯಾಗಿ ತಾಗುತ್ತದೆ. ಗಂಡು ಬೋರರ್‌ನ ವಾಸನೆಯನ್ನು ಪ್ರಯೋಗಾಲಯದಲ್ಲಿ ತಯಾರಿಸಿ ಟ್ರ್ಯಾಪಿನೊಳಗೆ ಇಡುತ್ತಾರೆ, ಹೆಣ್ಣು ಅದನ್ನು ಹುಡುಕಿ ಬರುತ್ತದೆ. ಗಿಡಕ್ಕೆ ಸಿಂಪಡಿಸುವುದಿಲ್ಲ. ಹಾಗಾಗಿ ಕಾಫಿ ಬೀಜಕ್ಕೆ ಹಾರ್ಮೋನ್ ಸೇರುತ್ತದೆಂಬ ಭಯ ಬೇಡ.

ಟ್ರ್ಯಾಪ್ ಕಟ್ಟಿದರೆ ಸಾಕು, ಬೋರರ್ ಮುಗಿಯಿತು ಎಂಬ ಮಾತನ್ನೂ ನಂಬಬೇಡಿ. ಮರಿಹುಳು ತಿಂಗಳುಗಟ್ಟಲೆ ಅರೇಬಿಕಾ ಕಾಂಡದೊಳಗೇ ಇರುತ್ತದೆ. ದುಂಬಿ ಹೊರಬರುವುದು ಹೆಚ್ಚಾಗಿ ಏಪ್ರಿಲ್-ಮೇ ಮತ್ತು ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ. ಬಿಸಿಲು ಬೀಳುವ ಕಾಂಡದ ತೊಗಟೆಯ ಬಿರುಕು ಅದಕ್ಕೆ ಮೊಟ್ಟೆಯಿಡಲು ಇಷ್ಟ. ಅದಕ್ಕೇ ನೆರಳು ಉಳಿಸಿಕೊಳ್ಳಬೇಕು. ಬೋರರ್ ಹಿಡಿದ ಗಿಡವನ್ನು, ಹೊಟ್ಟೆ ಉರಿದರೂ, ದುಂಬಿ ಹೊರಬರುವ ಮೊದಲೇ ಕಿತ್ತು ಸುಡಬೇಕು.