ಉಬ್ಬುವ, ಕುಗ್ಗುವ ಜೆಲ್‌ಗಳ ಬೆನ್ನುಹತ್ತಿದ ತೊಯೊಯಿಚಿ ತನಾಕಾ

ಜಪಾನಿನ ನಾಗಾವೊಕಾ ನಗರದಲ್ಲಿ 1946ರ ಜನವರಿ 4ರಂದು ತೊಯೊಯಿಚಿ ತನಾಕಾ ಜನಿಸಿದಾಗ, ಅಮೆರಿಕದ ಬಾಂಬ್ ದಾಳಿಯಲ್ಲಿ ಆ ನಗರ ಸುಟ್ಟು ಇನ್ನೂ ಅರ್ಧ ವರ್ಷ ಕಳೆದಿರಲಿಲ್ಲ. ಟೋಕಿಯೊ ವಿಶ್ವವಿದ್ಯಾಲಯದಲ್ಲಿ ಭೌತವಿಜ್ಞಾನ ಅಭ್ಯಸಿಸಿದ ಅವರು ತಮ್ಮ ವೃತ್ತಿಜೀವನವನ್ನು ಕಳೆದದ್ದು ಅದೇ ಅಮೆರಿಕದ ಮೆಸಾಚುಸೆಟ್ಸ್ ತಂತ್ರಜ್ಞಾನ ಸಂಸ್ಥೆಯಲ್ಲಿ.

ಅವರ ಆರಂಭದ ಆಸಕ್ತಿ ಕಣ್ಣಿನತ್ತ ಇತ್ತು. ಅಕ್ಷಿಪಟಲದ ರಕ್ತನಾಳಗಳಲ್ಲಿ ರಕ್ತ ಹರಿಯುವ ವೇಗವನ್ನು ಲೇಸರ್ ಬೆಳಕಿನಿಂದ ಅಳೆದರು. ಕಣ್ಣಿನ ಮಸೂರಕ್ಕೆ ಪೊರೆ ಬರುವುದೇಕೆಂದು ಹಿರಿಯ ಸಹೋದ್ಯೋಗಿ ಜಾರ್ಜ್ ಬೆನೆಡೆಕ್ ಅವರೊಡನೆ ಶೋಧಿಸಿದರು. ಇದೇ ಬೆಳಕಿನ ವಿಧಾನವನ್ನು ಅವರು ಪಾಲಿಅಕ್ರಿಲಮೈಡ್ ಎಂಬ ಸಾಧಾರಣ ಜೆಲ್‌ನ ಮೇಲೂ ಪ್ರಯೋಗಿಸಿದರು. ತಣ್ಣಗಾಗುತ್ತಿದ್ದಂತೆ ಪಾರದರ್ಶಕವಾಗಿದ್ದ ಜೆಲ್ ಮಬ್ಬಾಯಿತು. ಯಾವುದೋ ದೊಡ್ಡ ಸ್ಥಿತ್ಯಂತರ ಹತ್ತಿರವಿದೆ ಎಂಬುದಕ್ಕೆ ಭೌತವಿಜ್ಞಾನಿಗೆ ಅದೇ ಸುಳಿವು.

ಜೆಲ್ ಎಂದರೆ ದ್ರವ ತುಂಬಿದ ಬಲೆ. ನೀರಿಗೆ ಬಿದ್ದ ಕಾಮಕಸ್ತೂರಿ ಬೀಜದ ಸುತ್ತ ಕಟ್ಟುವ ಲೋಳೆಯೂ ಈ ಜಾತಿಯದೇ. ಪಾಲಿಮರ್ ಎಳೆಗಳು ಅಲ್ಲಲ್ಲಿ ಗಂಟುಬಿದ್ದಿರುವುದರಿಂದ ಕರಗಿಹೋಗದೆ, ದ್ರವವನ್ನು ಹೀರಿ ಉಬ್ಬುತ್ತವೆ. ಎಷ್ಟು ಉಬ್ಬಬೇಕೆಂಬ ಲೆಕ್ಕವನ್ನು ಪಾಲ್ ಫ್ಲೋರಿ ಮತ್ತು ಜಾನ್ ರೇನರ್ 1943ರಲ್ಲೇ ಕೊಟ್ಟಿದ್ದರು. ಜೆಲ್ ಒಮ್ಮೆಗೇ ಕುಸಿಯಬಹುದೆಂದು 1968ರಲ್ಲಿ ದೂಷೆಕ್ ಮತ್ತು ಪ್ಯಾಟರ್ಸನ್ ಊಹಿಸಿದ್ದರೂ ಅದನ್ನು ಕಣ್ಣಾರೆ ಕಂಡವರಿರಲಿಲ್ಲ.

ತನಾಕಾ ಅದನ್ನು 1978ರಲ್ಲಿ ತೋರಿಸಿದರು. ಅಸಿಟೋನ್ ಬೆರೆತ ನೀರಿನಲ್ಲಿದ್ದ ಜೆಲ್, ಅಸಿಟೋನ್‌ನ ಪ್ರಮಾಣ ತುಸು ಹೆಚ್ಚಿದೊಡನೆ ಥಟ್ಟನೆ ಕುಗ್ಗಿತು. ಹಿಂದಿನ ಸ್ಥಿತಿಗೆ ತಂದೊಡನೆ ಮತ್ತೆ ಉಬ್ಬಿತು. ಒಂದು ತೊಡಕು ಮಾತ್ರ ಉಳಿಯಿತು: ಹೊಸದಾಗಿ ತಯಾರಿಸಿದ ಜೆಲ್ ನಿಧಾನವಾಗಿ ಕುಗ್ಗುತ್ತಿತ್ತು, ದಿನಗಟ್ಟಲೆ ಇಟ್ಟ ಹಳೆಯ ಜೆಲ್ ಮಾತ್ರ ಹಠಾತ್ತನೆ ಕುಸಿಯುತ್ತಿತ್ತು. ಹಳೆಯದನ್ನು ಕೆಟ್ಟದ್ದೆಂದು ಎಸೆಯುವುದು ಸುಲಭವಿತ್ತು. ಹಾಗೆ ಮಾಡದ್ದರಲ್ಲೇ ತನಾಕಾ ಅವರ ದೊಡ್ಡತನವಿದೆ. ಕಾಲಕ್ರಮೇಣ ಎಳೆಗಳ ಕೆಲವು ಗುಂಪುಗಳು ಜಲವಿಭಜನೆಗೊಂಡು ವಿದ್ಯುದಂಶ ಪಡೆಯುತ್ತವೆ, ಆ ಅಯಾನುಗಳೇ ಹಠಾತ್ ಬದಲಾವಣೆಗೆ ಕಾರಣ ಎಂದು 1980ರಲ್ಲಿ ಅವರ ತಂಡ ವಿವರಿಸಿತು.

ಪಿಎಚ್‌ಗೆ ಸ್ಪಂದಿಸುವ ಜೆಲ್‌ಗಳ ಗುಟ್ಟೂ ಇದೇ. ಎಳೆಗಳಿಗೆ ಆಮ್ಲದ ಗುಂಪುಗಳನ್ನು ಜೋಡಿಸಿದಾಗ, ದ್ರಾವಣದ ಆಮ್ಲೀಯತೆ ಕಡಿಮೆಯಾದಂತೆ ಅವು ಪ್ರೋಟಾನ್ ಬಿಟ್ಟುಕೊಟ್ಟು ಋಣ ವಿದ್ಯುದಂಶ ಪಡೆಯುತ್ತವೆ. ಎಳೆಗಳು ಪರಸ್ಪರ ದೂಡಿಕೊಳ್ಳುತ್ತವೆ, ಒಳಗೆ ಸೇರಿದ ವಿರುದ್ಧ ಅಯಾನುಗಳು ನೀರನ್ನು ಸೆಳೆಯುತ್ತವೆ, ಬಲೆ ಅಗಲವಾಗುತ್ತದೆ. ಉಷ್ಣತೆಯ ಕಥೆ ಬೇರೆ. ಎನ್-ಐಸೊಪ್ರೊಪೈಲ್ ಅಕ್ರಿಲಮೈಡ್‌ನಿಂದಾದ ಜೆಲ್ ತಣ್ಣೀರಿನಲ್ಲಿ ಉಬ್ಬಿದ್ದು, ಸುಮಾರು 33-34 ಡಿಗ್ರಿ ಸೆಲ್ಸಿಯಸ್ ದಾಟಿದೊಡನೆ ಕುಸಿಯುವುದನ್ನು ಹಿರೊಕಾವಾ ಮತ್ತು ತನಾಕಾ 1984ರಲ್ಲಿ ಪ್ರಕಟಿಸಿದರು. ಬಿಸಿಯಾದರೆ ಹಿಗ್ಗಬೇಕೆಂಬ ಸಾಮಾನ್ಯ ತಿಳಿವಳಿಕೆಗೆ ಇದು ವಿರುದ್ಧ. ನೀರನ್ನು ಒಲ್ಲದ ಭಾಗಗಳು ಬಿಸಿಯಲ್ಲಿ ಒಂದನ್ನೊಂದು ಅಪ್ಪಿಕೊಂಡು ನೀರನ್ನು ಹೊರದೂಡುತ್ತವೆ. ಈ ಉಷ್ಣತೆ ಮನುಷ್ಯದೇಹದ ಉಷ್ಣತೆಗೆ ಹತ್ತಿರವಿದ್ದುದರಿಂದ ಔಷಧ ಸಂಶೋಧಕರ ಕಿವಿ ನೆಟ್ಟಗಾಯಿತು.

ಆದರೆ ದೊಡ್ಡ ಜೆಲ್ ತುಂಡು ಬಲು ಸೋಮಾರಿ. ತೀರಾ ದಪ್ಪನೆಯದಾದರೆ ಉಬ್ಬಲು ದಿನಗಳೇ ಬೇಕು. ಉಬ್ಬುವ ಕಾಲ ತ್ರಿಜ್ಯದ ವರ್ಗಕ್ಕೆ ಅನುಪಾತದಲ್ಲಿರುತ್ತದೆ ಎಂದು ತನಾಕಾ ಮತ್ತು ಫಿಲ್ಮೋರ್ 1979ರಲ್ಲಿ ತೋರಿಸಿದ್ದರು. ಅಂದರೆ ಗಾತ್ರವನ್ನು 1,000 ಪಟ್ಟು ಕುಗ್ಗಿಸಿದರೆ ವೇಗ 10 ಲಕ್ಷ ಪಟ್ಟು ಹೆಚ್ಚುತ್ತದೆ. ಮೈಕ್ರೊಜೆಲ್‌ಗಳ ಮಹತ್ವ ಇರುವುದು ಇಲ್ಲಿ. 1986ರಲ್ಲಿ ಪೆಲ್ಟನ್ ಮತ್ತು ಶಿಬಾಂಟ್ ಇದೇ ಪಾಲಿಮರ್‌ನ ಸೂಕ್ಷ್ಮ ಕಣಗಳನ್ನು ನೀರಿನಲ್ಲಿ ತಯಾರಿಸಿದರು. ಋಣ ವಿದ್ಯುದಂಶವಿರುವ ಅಂಥ ಕಣಗಳು ಧನ ವಿದ್ಯುದಂಶದ ಬಣ್ಣ ಅಥವಾ ಔಷಧದ ಅಣುಗಳನ್ನು ಒಳಗೆಳೆದುಕೊಂಡು, ಪಿಎಚ್ ಬದಲಾದಾಗ ಬಿಟ್ಟುಕೊಡಬಲ್ಲವು.

ಹೀರುವುದಕ್ಕಿಂತ ಆರಿಸಿ ಹಿಡಿಯುವುದು ಕಷ್ಟ. ಪ್ರೋಟೀನ್ ಮಾಡುವ ಆ ಕೆಲಸವನ್ನು ಜೆಲ್‌ಗೆ ಕಲಿಸುವುದು ತನಾಕಾ ಅವರ ಕೊನೆಯ ವರ್ಷಗಳ ಗುರಿಯಾಗಿತ್ತು. 1999ರಲ್ಲಿ ಅವರ ತಂಡ ವಿವರಿಸಿದ ಜೆಲ್ ಸ್ಪಂಜಿನ ವಿರುದ್ಧ ಗುಣ ತೋರಿತು: ಕುಗ್ಗಿದಾಗ ಅದರ ಹಲವು ಗುಂಪುಗಳು ಹತ್ತಿರ ಬಂದು ಒಂದೇ ಅಣುವನ್ನು ಹಲವು ಕಡೆಗಳಿಂದ ಬಿಗಿಯಾಗಿ ಹಿಡಿಯುತ್ತಿದ್ದವು, ಉಬ್ಬಿದಾಗ ದೂರ ಸರಿದು ಬಿಟ್ಟುಬಿಡುತ್ತಿದ್ದವು.

ಮರುವರ್ಷ, 2000ದ ಮೇ 20ರಂದು, ಟೆನಿಸ್ ಆಡುತ್ತಿದ್ದಾಗ ಹೃದಯ ವೈಫಲ್ಯದಿಂದ ತನಾಕಾ ನಿಧನರಾದರು. ಆಗ ಅವರಿಗೆ 54 ವರ್ಷ. ಅಣುಗಳನ್ನು ಗುರುತಿಟ್ಟುಕೊಳ್ಳುವ ಜೆಲ್‌ಗಳ ಕುರಿತು ಅವರ ಹೆಸರನ್ನೂ ಹೊತ್ತ ಪ್ರಬಂಧಗಳು ಆ ಬಳಿಕವೂ ಪ್ರಕಟವಾದವು.