ಮಂಜರಾಬಾದಿನ ಮಣ್ಣು ಮತ್ತು ಕ್ಲಿಫ್ಟನ್ ಪಾರ್ಕಿನ ಒಡೆಯ

ಸ್ಕಾಟ್ಲೆಂಡಿನ ದಕ್ಷಿಣ ಗಡಿಯ ಕೆಲ್ಸೊ ಸೀಮೆಯಲ್ಲಿ ಕ್ಲಿಫ್ಟನ್ ಪಾರ್ಕ್ ಎಂಬ ದೊಡ್ಡ ಜಮೀನಿತ್ತು. ಹಳೆಯ ಭೂಮಾಲೀಕ ಮನೆತನವಾದ ಎಲಿಯಟ್‌ರದು ಅದು. ಆ ಮನೆತನದ ರಾಬರ್ಟ್ ಎಲಿಯಟ್ (೧೮೩೭–೧೯೧೪) ಮಣ್ಣಿನ ಪಾಠ ಕಲಿತದ್ದು ಮಾತ್ರ ಇಂದಿನ ಸಕಲೇಶಪುರವನ್ನೊಳಗೊಂಡ ಮಂಜರಾಬಾದ್ ಸೀಮೆಯಲ್ಲಿ.

೧೮೫೫ರಲ್ಲಿ ಭಾರತಕ್ಕೆ ಹೊರಟಾಗ ಆತನಿಗೆ ಹದಿನೆಂಟರ ಪ್ರಾಯ. ಮರುವರ್ಷ ಬಾರ್ಚಿನಹಳ್ಳದಲ್ಲಿ ತೋಟ ಆರಂಭಿಸಿದ. ಅದಕ್ಕೂ ಮೊದಲು, ೧೮೪೩ರಲ್ಲಿ, ಗ್ರೀನ್ ಎಂಬಾತ ಈ ಸೀಮೆಯಲ್ಲಿ ಕಾಫಿ ಬೆಳೆಯತೊಡಗಿದ್ದ. ಆದರೂ ಆಗ ಇಲ್ಲಿದ್ದ ಯುರೋಪಿಯನ್ ತೋಟಗಾರರು ಬೆರಳೆಣಿಕೆಯಷ್ಟೇ. ಸ್ವದೇಶೀಯರ ಒಡನಾಟ ಕಡಿಮೆಯಿದ್ದ ತರುಣನಿಗೆ ಊರ ಗೌಡರ ನೆರೆಹೊರೆಯೇ ಆಸರೆಯಾಯಿತು. ೧೮೭೧ರ ತನ್ನ ಪುಸ್ತಕದಲ್ಲಿ ಆತ ಪಾದ್ರಿಗಳ ಟೀಕೆಗೆ ಎದುರಾಗಿ ಜಾತಿಪದ್ಧತಿಯನ್ನು ಸಮರ್ಥಿಸಿದ. ಅದು ಹಳ್ಳಿಯವರನ್ನು ಕುಡಿತದಿಂದ ಕಾಪಾಡುತ್ತದೆಂಬುದು ಆತನ ವಾದ. ತೋಟದ ಆಳುಗಳ ಕಡೆಯಿಂದ ನೋಡಿದ್ದರೆ ಆತನಿಗೆ ಬೇರೆಯೇ ಚಿತ್ರ ಕಾಣುತ್ತಿತ್ತು.

೧೮೬೦ರ ದಶಕದ ಕೊನೆಯಲ್ಲಿ ಗಂಡಾಂತರ ಒದಗಿತು. ಬಿಸಿಲಿಗೆ ತೆರೆದ ತೋಟಗಳನ್ನು ಕಾಂಡಕೊರಕ ಹುಳು ಹಾಳುಗೆಡವಿತು. ತನಿಖೆಗೆ ಬಂದ ಡಾ. ಬಿಡಿ ೧೮೬೯ರ ವರದಿಯಲ್ಲಿ ನೆರಳಿನ ಅಗತ್ಯವನ್ನು ಹೇಳಿದ. ಜೊತೆಗೆ 'ಚಿಕ್' ಎಂಬ ಹಳೆಯ ತಳಿ ಸೊರಗತೊಡಗಿತ್ತು. ಮಂಜರಾಬಾದಿನ ತೋಟಗಾರ ಸ್ಟ್ಯಾನ್ಲಿ ಜಪ್ ಕೊಡಗಿನ ಬೀಜವನ್ನು ತರಿಸುವ ದಾರಿ ತೋರಿದ. ಕೊಡಗಿನ ಗಿಡ ಇಲ್ಲಿನ ಮಣ್ಣಿನಲ್ಲಿ ಬಲಿತಂತೆ ಅದರ ಕಾಳೂ ಚಿಕ್‌ನ ಗುಣವನ್ನು ಪಡೆಯಿತೆಂದು ಎಲಿಯಟ್ ದಾಖಲಿಸಿದ. ಎಲೆತುಕ್ಕಿಗೆ ಸಿಕ್ಕಿ ಸಿಂಹಳದ ಕಾಫಿ ಅಳಿದು ಅಲ್ಲಿ ಚಹಾ ಬಂದರೂ, ನೆರಳಿನಡಿಯ ಮೈಸೂರು ಕಾಫಿ ಉಳಿದುಕೊಂಡಿತು.

೧೮೯೪ರಲ್ಲಿ ಪ್ರಕಟವಾದ ಮೈಸೂರಿನ ಚಿನ್ನ, ಬೇಟೆ, ಕಾಫಿ ಕುರಿತ ಗ್ರಂಥದಲ್ಲಿ ನೆರಳುಮರಗಳಿಗೆ ದೀರ್ಘ ಅಧ್ಯಾಯವೇ ಇದೆ. ಬಸರಿ, ಗೋಣಿ ಮುಂತಾದ ಮರಗಳು ಅಲ್ಲಿ ತಮ್ಮ ಕನ್ನಡ ಹೆಸರಿನಲ್ಲೇ ಬರುತ್ತವೆ. ಯಾವ ಮರದಡಿ ಕಾಫಿ ಹುಲುಸಾಗುತ್ತದೆ, ಕಾಡಿನ ಮೇಲ್ಮಣ್ಣನ್ನು ತಂದು ಹಾಕಿದರೆ ಏನು ಲಾಭ ಎಂಬ ವಿಚಾರಗಳಲ್ಲಿ ಆತ ಊರಿನ ಅನುಭವಕ್ಕೆ ಕಿವಿಗೊಟ್ಟ. ಬೇಟೆಯ ಕಥೆಗಳಿಗಿಂತ ಇಂದಿಗೂ ಬೆಲೆಯುಳ್ಳ ಪುಟಗಳಿವು.

ಅತ್ತ ಪೂರ್ವಿಕರ ಜಮೀನಿನ ಸ್ಥಿತಿಯೂ ಚೆನ್ನಾಗಿರಲಿಲ್ಲ. ಹೊರದೇಶದ ಅಗ್ಗದ ಧಾನ್ಯದಿಂದ ಬ್ರಿಟನ್ನಿನ ಬೇಸಾಯ ಕುಸಿದಿತ್ತು; ಸತತ ಉಳುಮೆಯಿಂದ ನೆಲದ ಸಾರ ಬತ್ತಿತ್ತು. ಎಲಿಯಟ್ ಕೊಂಡು ತಂದ ಗೊಬ್ಬರವನ್ನು ನೆಚ್ಚಲಿಲ್ಲ. ಚಿಕೋರಿ, ಬರ್ನೆಟ್‌ನಂತಹ ಆಳಬೇರಿನ ಸಸ್ಯಗಳನ್ನು ಹುಲ್ಲಿನೊಡನೆ ಬಿತ್ತಿ, ಕೆಲವು ವರ್ಷ ದನಕುರಿ ಮೇಯಿಸಿ, ಬಳಿಕ ಆ ನೆಲವನ್ನು ಉತ್ತು ಬೆಳೆ ತೆಗೆದ. ಗಟ್ಟಿ ಮಣ್ಣನ್ನು ಬೇರುಗಳೇ ಸಡಿಲಿಸಿದವು. ಕಾಫಿಯ ಜೊತೆ ಬೆರೆಸುವ ಚಿಕೋರಿ ಸ್ಕಾಟ್ಲೆಂಡಿನ ಹೊಲಕ್ಕೆ ನೇಗಿಲಾದದ್ದು ಸ್ವಾರಸ್ಯದ ಸಂಗತಿ. ೧೮೯೮ರಲ್ಲಿ ಪ್ರಕಟವಾದ ಈ ಪ್ರಯೋಗದ ವಿವರ, ಮುಂದೆ ಕ್ಲಿಫ್ಟನ್ ಪಾರ್ಕ್ ಪದ್ಧತಿಯೆಂದು ಹೆಸರಾಯಿತು. ೧೯೪೩ರಲ್ಲಿ, ಯುದ್ಧಕಾಲದ ಬ್ರಿಟನ್ ಅನ್ನಕ್ಕಾಗಿ ಹುಲ್ಲುಗಾವಲುಗಳನ್ನು ಉಳುತ್ತಿದ್ದಾಗ, ಹುಲ್ಲುಗಾವಲು ತಜ್ಞ ಜಾರ್ಜ್ ಸ್ಟೇಪಲ್ಡನ್ ಮುನ್ನುಡಿಯೊಂದಿಗೆ ಆ ಪುಸ್ತಕ ಮತ್ತೆ ಅಚ್ಚಾಯಿತು.