ಸಾಬು ದಸ್ತಗೀರ್

ಸಾಬು ದಸ್ತಗೀರ್ (೨೭ ಜನವರಿ ೧೯೨೪ – ೨ ಡಿಸೆಂಬರ್ ೧೯೬೩) ಮೈಸೂರು ಸಂಸ್ಥಾನದಲ್ಲಿ ಜನಿಸಿ, ಬ್ರಿಟನ್ ಮತ್ತು ಅಮೆರಿಕದ ಚಲನಚಿತ್ರಗಳಲ್ಲಿ ಪ್ರಸಿದ್ಧಿ ಪಡೆದ ನಟ. ತೆರೆಯ ಮೇಲೆ 'ಸಾಬು' ಎಂಬ ಒಂದೇ ಹೆಸರಿನಿಂದ ಪರಿಚಿತರಾಗಿದ್ದರು. ದಸ್ತಗೀರ್ ಎಂಬುದು ವಾಸ್ತವವಾಗಿ ಅವರ ಅಣ್ಣನ ಹೆಸರೆಂದೂ ಸಾಬುವಿನ ಪೂರ್ಣ ಹೆಸರು ಸೆಲಾರ್ ಶೇಖ್ ಸಾಬು ಎಂದೂ ಸಂಶೋಧಕರು ಅಭಿಪ್ರಾಯಪಟ್ಟಿದ್ದಾರೆ. ಆದರೂ ಕಾನೂನುಬದ್ಧ ವ್ಯವಹಾರಗಳಲ್ಲಿ ಅವರಿಗೆ ಕೊನೆಯವರೆಗೂ ಅಣ್ಣನ ಹೆಸರೇ ಉಳಿಯಿತು.

ಬಾಲ್ಯ

ಸಾಬು ಜನಿಸಿದ್ದು ಕಪಿಲಾ ನದಿಯ ದಡದ ಕಾರಾಪುರದಲ್ಲಿ. ಖೆಡ್ಡಾಗಳಿಗೆ ಹೆಸರಾದ ಕಾಕನಕೋಟೆ ಕಾಡಿನ ಸೆರಗಿನಲ್ಲಿರುವ ಈ ಊರು ಇಂದಿನ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ಭಾಗಕ್ಕೆ ಸೇರಿದೆ. ತಂದೆ ಮೈಸೂರು ಮಹಾರಾಜರ ಸೇವೆಯಲ್ಲಿದ್ದ ಮಾವುತ. ಚಿಕ್ಕಂದಿನಲ್ಲಿಯೇ ತಂದೆಯನ್ನು ಕಳೆದುಕೊಂಡ ಬಾಲಕ ಅರಮನೆಯ ಆನೆಲಾಯದ ಆಶ್ರಯದಲ್ಲಿ ಬೆಳೆದನು.

ಚಿತ್ರರಂಗ

ಕಿಪ್ಲಿಂಗ್‌ನ ಕಥೆಯೊಂದನ್ನು ಆಧರಿಸಿದ 'ಎಲಿಫೆಂಟ್ ಬಾಯ್' ಚಿತ್ರಕ್ಕಾಗಿ ಮೈಸೂರಿಗೆ ಬಂದ ನಿರ್ದೇಶಕ ರಾಬರ್ಟ್ ಫ್ಲಾಹರ್ಟಿಯ ತಂಡವು ಸಾಬುವನ್ನು ಆರಿಸಿತು. ಮೈಸೂರಿನಲ್ಲಿ ಹೊರಾಂಗಣ ಚಿತ್ರೀಕರಣ ಮುಗಿದ ಮೇಲೆ ಬಾಲಕನು ಅಣ್ಣನೊಂದಿಗೆ ಇಂಗ್ಲೆಂಡಿಗೆ ಹೋಗಿ, ಅಲ್ಲಿಯೇ ಇಂಗ್ಲಿಷ್ ಕಲಿತನು. ೧೯೩೭ರಲ್ಲಿ ತೆರೆಕಂಡ ಚಿತ್ರವು ವೆನಿಸ್ ಚಿತ್ರೋತ್ಸವದಲ್ಲಿ ನಿರ್ದೇಶನಕ್ಕಾಗಿ ಪ್ರಶಸ್ತಿ ಪಡೆಯಿತು.

ಈ ಸಾಧನೆಯ ತೂಕವನ್ನು ಅರಿಯಲು ಅದೇ ವರ್ಷದ ಇನ್ನೊಂದು ಸಂಗತಿಯನ್ನು ನೆನೆಯಬಹುದು. ಚೀನೀ ರೈತ ಕುಟುಂಬದ ಕಥೆಯಾದ 'ದಿ ಗುಡ್ ಅರ್ತ್' ಚಿತ್ರದ ನಾಯಕ, ನಾಯಕಿಯ ಪಾತ್ರಗಳನ್ನು ಹಾಲಿವುಡ್ ಬಿಳಿಯ ನಟರಿಗೇ ಒಪ್ಪಿಸಿತು. ಲಾಸ್ ಏಂಜಲೀಸಿನಲ್ಲಿಯೇ ಹುಟ್ಟಿದ್ದ ಚೀನೀ ಮೂಲದ ಖ್ಯಾತ ನಟಿ ಅನ್ನಾ ಮೇ ವಾಂಗ್‌ಗೆ ನಾಯಕಿಯ ಪಾತ್ರ ದೊರೆಯಲಿಲ್ಲ. ಸಾಬುವಿಗೆ ಪ್ರಧಾನ ಪಾತ್ರ ದೊರೆತರೂ ಅದರ ಚೌಕಟ್ಟನ್ನು ಇತರರೇ ನಿರ್ಧರಿಸಿದ್ದರು. 'ದಿ ಡ್ರಮ್' (೧೯೩೮) ಚಿತ್ರದಲ್ಲಿ ಅವರು ಬ್ರಿಟಿಷರಿಗೆ ನೆರವಾಗುವ ಗಡಿನಾಡಿನ ರಾಜಕುಮಾರ. ಸಾಮ್ರಾಜ್ಯವನ್ನು ಹೊಗಳುವ ಈ ಚಿತ್ರದ ವಿರುದ್ಧ ಮುಂಬಯಿಯಲ್ಲಿ ಪ್ರತಿಭಟನೆ ನಡೆಯಿತು. ಹದಿನಾಲ್ಕರ ಹುಡುಗನನ್ನು ಇದಕ್ಕೆ ಹೊಣೆಯಾಗಿಸುವುದು ನ್ಯಾಯವಲ್ಲ.

'ದಿ ಥೀಫ್ ಆಫ್ ಬಾಗ್ದಾದ್' (೧೯೪೦) ಚಿತ್ರದ ಕೆಲಸವು ಯುದ್ಧದ ಕಾರಣದಿಂದ ಹಾಲಿವುಡ್‌ಗೆ ವರ್ಗವಾದಾಗ ಸಾಬುವೂ ಅಮೆರಿಕಕ್ಕೆ ತೆರಳಿ ಅಲ್ಲಿಯೇ ನೆಲೆಸಿದರು. 'ಜಂಗಲ್ ಬುಕ್' (೧೯೪೨) ಚಿತ್ರದಲ್ಲಿ ಮೋಗ್ಲಿಯಾದರು. ಬಳಿಕ 'ಅರೇಬಿಯನ್ ನೈಟ್ಸ್', 'ಕೋಬ್ರಾ ವುಮನ್' ಮುಂತಾದ ಚಿತ್ರಗಳಲ್ಲಿ ಅರಬ್ಬನಾಗಿ, ದ್ವೀಪವಾಸಿಯಾಗಿ ಕಾಣಿಸಿಕೊಂಡರು. ಪೂರ್ವದೇಶದವನಾದರೆ ಸಾಕು, ಯಾವ ದೇಶವಾದರೇನು ಎಂಬ ಧೋರಣೆ ಆ ಕಾಲದ ನಿರ್ಮಾಪಕರದು.

ಪೌರತ್ವ ಮತ್ತು ಸೇನಾ ಸೇವೆ

ಅಮೆರಿಕದ ಸರ್ವೋಚ್ಚ ನ್ಯಾಯಾಲಯವು ೧೯೨೩ರಲ್ಲಿ, ಭಾರತೀಯರು ಪೌರತ್ವಕ್ಕೆ ಅರ್ಹರಲ್ಲವೆಂದು ತೀರ್ಪು ನೀಡಿತ್ತು. ಚೀನೀಯರಿಗೆ ಪೌರತ್ವದ ಬಾಗಿಲು ತೆರೆದದ್ದು ೧೯೪೩ರಲ್ಲಿ, ಭಾರತೀಯರಿಗೆ ೧೯೪೬ರಲ್ಲಿ. ಸಾಬು ೧೯೪೪ರಲ್ಲಿಯೇ ಪೌರತ್ವ ಪಡೆದರು. ಸೇನೆಯ ವಾಯುದಳದಲ್ಲಿ ಬಿ-೨೪ ಬಾಂಬರ್ ವಿಮಾನದ ಬಂದೂಕುಗಾರರಾಗಿ ಪೆಸಿಫಿಕ್ ರಣರಂಗದಲ್ಲಿ ಹೋರಾಡಿ 'ಡಿಸ್ಟಿಂಗ್ವಿಷ್ಡ್ ಫ್ಲೈಯಿಂಗ್ ಕ್ರಾಸ್' ಪದಕಕ್ಕೆ ಪಾತ್ರರಾದರು.

ಯುದ್ಧಾನಂತರ

'ಬ್ಲ್ಯಾಕ್ ನಾರ್ಸಿಸಸ್' (೧೯೪೭) ಇವರ ಪ್ರೌಢ ಚಿತ್ರಗಳಲ್ಲೊಂದು. ಹಿಮಾಲಯದ ಕಥೆಯಾದರೂ ಇದನ್ನು ಬಹುಮಟ್ಟಿಗೆ ಇಂಗ್ಲೆಂಡಿನ ಸ್ಟುಡಿಯೋದಲ್ಲಿ ಚಿತ್ರಿಸಲಾಯಿತು. ಸಾಬುವಿನೊಡನೆ ಅಭಿನಯಿಸಿದ ಭಾರತೀಯ ಯುವತಿಯ ಪಾತ್ರಧಾರಿ, ಮೈಗೆ ಬಣ್ಣ ಬಳಿದುಕೊಂಡ ಜೀನ್ ಸಿಮನ್ಸ್. ೧೯೪೮ರಲ್ಲಿ ಸಾಬು ನಟಿ ಮ್ಯಾರಿಲಿನ್ ಕೂಪರ್ ಅವರನ್ನು ವಿವಾಹವಾದರು. ದಂಪತಿಗಳಿಗೆ ಇಬ್ಬರು ಮಕ್ಕಳು. ಅವಕಾಶಗಳು ಕ್ಷೀಣಿಸಿದಾಗ ಇಟಲಿಯ ಚಿತ್ರಗಳಲ್ಲಿ ನಟಿಸಿದರು; ಲಂಡನ್ನಿನ ಹ್ಯಾರಿಂಗೇ ಸರ್ಕಸ್ಸಿನಲ್ಲಿ ಆನೆಗಳೊಂದಿಗೆ ಪ್ರದರ್ಶನ ನೀಡಿದರು.

ಮೆಹಬೂಬ್ ಖಾನ್ ಅವರು 'ಮದರ್ ಇಂಡಿಯಾ' (೧೯೫೭) ಚಿತ್ರದ ಬಿರ್ಜು ಪಾತ್ರಕ್ಕೆ ಸಾಬುವನ್ನು ಯೋಚಿಸಿದ್ದರು. ಆದರೆ ಅಮೆರಿಕದ ಪ್ರಜೆಯಾಗಿದ್ದ ಅವರಿಗೆ ಹುಟ್ಟಿದ ನೆಲದಲ್ಲಿ ಕೆಲಸ ಮಾಡುವ ಪರವಾನಗಿ ದೊರೆಯಲಿಲ್ಲ. ಆ ಪಾತ್ರವನ್ನು ಸುನಿಲ್ ದತ್ ವಹಿಸಿದರು. ಭಾರತದ ಮುಖವಾಗಿ ಲೋಕಕ್ಕೆ ಪರಿಚಿತರಾಗಿದ್ದ ಸಾಬು ಯಾವ ಭಾರತೀಯ ಚಿತ್ರದಲ್ಲಿಯೂ ನಟಿಸಲಿಲ್ಲ.

ನಿಧನ

೧೯೬೩ರ ಡಿಸೆಂಬರ್ ೨ರಂದು ಕ್ಯಾಲಿಫೋರ್ನಿಯಾದ ಚಾಟ್ಸ್‌ವರ್ತ್‌ನಲ್ಲಿ ಹೃದಯಾಘಾತದಿಂದ ನಿಧನರಾದರು. ಆಗ ಅವರಿಗೆ ೩೯ ವರ್ಷ. ಹಾಲಿವುಡ್ ಹಿಲ್ಸ್‌ನ ಫಾರೆಸ್ಟ್ ಲಾನ್ ರುದ್ರಭೂಮಿಯಲ್ಲಿ ಅವರ ಸಮಾಧಿಯಿದೆ. ಕೊನೆಯ ಚಿತ್ರ 'ಎ ಟೈಗರ್ ವಾಕ್ಸ್' ಮರುವರ್ಷ ಬಿಡುಗಡೆಯಾಯಿತು.